ಇನ್ ಸಿಟು ಕೆಲಸದ ಡೈರಿ: ಜೀಬ್ರಾ ಮೀನಿನ ಭ್ರೂಣದಲ್ಲಿ ಎರಡು ರಿಸೆಪ್ಟರ್ ಜೀನ್

ಏನು ನೋಡಬೇಕಿತ್ತು

ಜೀಬ್ರಾ ಮೀನಿನ ಭ್ರೂಣಕ್ಕೆ 20 ಗಂಟೆ ದಾಟುತ್ತಿದ್ದಂತೆ, ಮುಂದೆ ಕಿವಿಯಾಗುವ ಚೀಲದ ಹಿಂಬದಿಯಿಂದ ನೂರರ ಆಸುಪಾಸಿನ ಜೀವಕೋಶಗಳ ಒಂದು ಗುಂಪು ಹೊರಡುತ್ತದೆ. ಚರ್ಮದ ಅಡಿಯಲ್ಲೇ, ಮೈಯ ನಡುಗೆರೆ ಹಿಡಿದು ಬಾಲದ ತುದಿವರೆಗೆ ಸಾಗುತ್ತದೆ. ದಾರಿಯಲ್ಲಿ ಅಲ್ಲಲ್ಲಿ ಒಂದಿಷ್ಟು ಕೋಶಗಳನ್ನು ಇಳಿಸಿ ಹೋಗುತ್ತದೆ. ಹಾಗೆ ಇಳಿದವು ನ್ಯೂರೋಮಾಸ್ಟ್‌ಗಳಾಗುತ್ತವೆ, ಅಂದರೆ ನೀರಿನ ಅಲುಗಾಟ ತಿಳಿಯುವ ಪುಟ್ಟ ಅಂಗಗಳು. ಆ ಇಡೀ ಸಾಲಿಗೆ ಲ್ಯಾಟರಲ್ ಲೈನ್ ಎನ್ನುತ್ತಾರೆ, ಸಾಗುವ ಗುಂಪಿಗೆ ಪ್ರೈಮೋರ್ಡಿಯಂ. ತಲೆ ಕಡೆಯ ನರಗಂಟಿನಿಂದ ಹೊರಟ ನರದ ಎಳೆಗಳು ಈ ಗುಂಪಿಗೆ ಅಂಟಿಕೊಂಡೇ ಬಾಲದವರೆಗೆ ಬರುತ್ತವೆ. ಹಾಗಾಗಿ ಗುಂಪು ದಾರಿ ತಪ್ಪಿದರೆ ನರವೂ ದಾರಿ ತಪ್ಪುತ್ತದೆ.

ದಾರಿ ತೋರಿಸುವುದು ಸಿಎಕ್ಸ್‌ಸಿಎಲ್12ಎ ಎಂಬ ಪ್ರೋಟೀನ್. ನಡುಗೆರೆಯ ಉದ್ದಕ್ಕೂ ಅದು ತಯಾರಾಗುತ್ತದೆ. ಅದನ್ನು ಹಿಡಿಯುವ ರಿಸೆಪ್ಟರ್ ಎರಡು. ಒಂದು ಸಿಎಕ್ಸ್‌ಸಿಆರ್4ಬಿ, ಇನ್ನೊಂದು ಸಿಎಕ್ಸ್‌ಸಿಆರ್7ಬಿ. ಎರಡನೆಯದಕ್ಕೆ ಈಗ ಎಸಿಕೆಆರ್3ಬಿ ಎಂದು ಹೊಸ ಹೆಸರಿದೆ, ಆದರೆ ನಮ್ಮ ಲ್ಯಾಬಲ್ಲಿ ಯಾರ ಬಾಯಲ್ಲೂ ಅದು ಬರುವುದಿಲ್ಲ. ಸುಮ್ನೆ 4ಬಿ, 7ಬಿ ಎನ್ನುತ್ತೇವೆ. ಇಲ್ಲೂ ಹಾಗೇ ಬರೆಯುತ್ತೇನೆ. 4ಬಿ ಕೆಟ್ಟುಹೋದ ಮೀನಿನ ತಳಿಗೆ ಒಡಿಸಿಯಸ್ ಎಂದು ಹೆಸರಿಟ್ಟಿದ್ದಾರೆ. ಅದರಲ್ಲಿ ಮುಂದೆ ಅಂಡ, ವೀರ್ಯವಾಗಬೇಕಾದ ಕೋಶಗಳು ಸಿಕ್ಕಸಿಕ್ಕ ಕಡೆ ಅಲೆಯುತ್ತವೆ. ಪ್ರೈಮೋರ್ಡಿಯಂ ಕೂಡ ಸರಿಯಾಗಿ ಮುಂದೆ ಸಾಗುವುದಿಲ್ಲ. ಇದೇ ರಿಸೆಪ್ಟರ್‌ನ ಮನುಷ್ಯರ ರೂಪವನ್ನು ಎಚ್‌ಐವಿ ವೈರಸ್ ಕೋಶದೊಳಗೆ ನುಗ್ಗಲು ಬಳಸುತ್ತದೆ ಎಂದು 1996ರಲ್ಲಿ ಗೊತ್ತಾಯಿತು.

ನಮ್ಮ ಕೆಲಸ ಇಷ್ಟು: ಒಂದೇ ವಯಸ್ಸಿನ ಭ್ರೂಣಗಳಲ್ಲಿ, ಒಂದೇ ಬಾರಿಗೆ, 4ಬಿ ಎಲ್ಲಿ 7ಬಿ ಎಲ್ಲಿ ಎಂದು ಬಣ್ಣದಲ್ಲಿ ನೋಡುವುದು. ಇದಕ್ಕೆ ಹೋಲ್ ಮೌಂಟ್ ಇನ್ ಸಿಟು, ಅಂದರೆ ಒಂದು ಜೀನ್ ಎಲ್ಲಿ ಕೆಲಸ ಮಾಡುತ್ತಿದೆ ಎಂದು ಇಡೀ ಭ್ರೂಣದಲ್ಲೇ ಬಣ್ಣ ಬರಿಸಿ ನೋಡುವ ಹಳೆಯ ವಿಧಾನವೇ ಸಾಕು. ಅಗ್ಗ, ನಂಬಿಕಸ್ತ. ಬೆಂಗಳೂರಿನ ಒಂದು ಸಣ್ಣ ಲ್ಯಾಬಿನಲ್ಲಿ ಇರುವ ಸಾಮಾನಿನಲ್ಲೇ ಹೇಗೆ ಮಾಡಿದೆವು ಎಂಬುದರ ಟಿಪ್ಪಣಿ ಇದು.

ಪ್ರೋಬ್

ಜೀನ್ ಕೆಲಸ ಮಾಡುತ್ತಿರುವ ಕೋಶದಲ್ಲಿ ಅದರ ಆರ್‌ಎನ್‌ಎ ಇರುತ್ತದೆ. ಅದಕ್ಕೆ ಎದುರುಬದುರು ಕೂರುವ ಆರ್‌ಎನ್‌ಎ ತುಂಡನ್ನು ನಾವು ಮಾಡಿಕೊಳ್ಳಬೇಕು, ಅದಕ್ಕೊಂದು ಗುರುತು ಅಂಟಿಸಬೇಕು. ಅದೇ ಪ್ರೋಬ್. ಗುರುತು ಎಂದರೆ ಡಿಜಾಕ್ಸಿಜೆನಿನ್. ಇದು ಡಿಜಿಟಾಲಿಸ್ ಗಿಡದಿಂದ ಬರುವ ವಸ್ತು, ಪ್ರಾಣಿಗಳ ಮೈಯಲ್ಲಿ ಇಲ್ಲವೇ ಇಲ್ಲ. ಹಾಗಾಗಿ ಅದನ್ನು ಹಿಡಿಯುವ, ನೀಲಿ ಬಣ್ಣ ಬರಿಸುವ ಕಿಣ್ವ ಕಟ್ಟಿದ ಆಂಟಿಬಾಡಿ ಹಾಕಿದರೆ ಮೀನಿನ ಬೇರೆ ಯಾವುದಕ್ಕೂ ಹೋಗಿ ಅಂಟಿಕೊಳ್ಳಲು ಕಾರಣವಿಲ್ಲ. ಯೋಚಿಸಿ ಆರಿಸಿದವರ ಜಾಣತನ ಮೆಚ್ಚಬೇಕು.

ಜೀನ್ ಹೊತ್ತ ಡಿಎನ್‌ಎ ಉಂಗುರ, ಅಂದರೆ ಪ್ಲಾಸ್ಮಿಡ್ ತರಿಸಿಕೊಳ್ಳುವ ಗೋಜಿಗೆ ಹೋಗಲಿಲ್ಲ. ಭ್ರೂಣದ ಆರ್‌ಎನ್‌ಎಯ ಡಿಎನ್‌ಎ ನಕಲು, ಅಂದರೆ ಸಿಡಿಎನ್‌ಎಯಿಂದ ನೇರವಾಗಿ ಪಿಸಿಆರ್ ಮಾಡಿದೆವು. ರಿವರ್ಸ್ ಪ್ರೈಮರ್‌ನ ಬಾಲಕ್ಕೆ ಟಿ7 ಪ್ರೊಮೋಟರ್ (ಪಾಲಿಮರೇಸ್ ಕಿಣ್ವ ಆರ್‌ಎನ್‌ಎ ಬರೆಯಲು ಶುರುಮಾಡುವ ಜಾಗ) ಸೇರಿಸಿದರೆ ಪಿಸಿಆರ್ ತುಂಡೇ ಅಚ್ಚಾಗುತ್ತದೆ. ಟಿ7 ಪಾಲಿಮರೇಸ್, ಡಿಜಾಕ್ಸಿಜೆನಿನ್ ಹಾಕಿದ ಯುಟಿಪಿ (ಆರ್‌ಎನ್‌ಎ ಕಟ್ಟುವ ಇಟ್ಟಿಗೆಗಳಲ್ಲೊಂದು), 37 ಡಿಗ್ರಿಯಲ್ಲಿ 2 ಗಂಟೆ. ಆಮೇಲೆ ಡಿಎನ್‌ಎ ಅಚ್ಚನ್ನು ತುಂಡರಿಸುವ ಡಿಎನ್‌ಏಸ್, ಲಿಥಿಯಂ ಕ್ಲೋರೈಡ್ ಮತ್ತು ಆಲ್ಕೋಹಾಲ್‌ನಲ್ಲಿ ತಳಕ್ಕಿಳಿಸುವುದು, ಜೆಲ್ ಮೇಲೆ ಓಡಿಸಿ ನೋಡುವುದು. ಬ್ಯಾಂಡ್ ಕಡಕ್ಕಾಗಿ ಕಂಡರೆ ಸರಿ. ಕೆಳಗೆ ಎಳೆದುಕೊಂಡು ಹೋದ ಹಾಗೆ ಮಸುಕಾಗಿದ್ದರೆ ಎಲ್ಲೋ ಆರ್‌ಎನ್‌ಎ ತುಂಡರಿಸುವ ಆರ್‌ಎನ್‌ಏಸ್ ಸೇರಿಕೊಂಡಿದೆ ಎಂದರ್ಥ. ಅಂಥ ಪ್ರೋಬನ್ನು ಉಳಿಸಿಕೊಳ್ಳಲು ನೋಡಬೇಡಿ, ಎಸೆದುಬಿಡಿ.

ಒಂದು ವಿಷಯಕ್ಕೆ ಮಾತ್ರ ತಲೆ ಕೆಡಿಸಿಕೊಳ್ಳಬೇಕಾಯಿತು. ಟೆಲಿಯೋಸ್ಟ್ ಎಂಬ ಮೂಳೆಮೀನುಗಳ ಪೂರ್ವಜರಲ್ಲಿ ಒಮ್ಮೆ ಇಡೀ ಜೀನೋಮ್ ಜೋಡಿಯಾಗಿದೆ. ಅದಕ್ಕೇ ಜೀಬ್ರಾ ಮೀನಿಗೆ 4ಬಿ ಜೊತೆ 4ಎ ಎಂಬ ಒಡಹುಟ್ಟೂ ಇದೆ. ಪ್ರೋಟೀನ್ ಬರೆಯುವ ಭಾಗದಲ್ಲಿ ಎರಡೂ ತುಂಬಾ ಹೋಲುತ್ತವೆ. 4ಎ ಕೆಲಸ ಮಾಡುವ ಜಾಗ ಬೇರೆ, ಮುಂದೆ ಕರುಳಾಗುವ ಒಳಪದರದಲ್ಲಿ ಅದರ ಪಾತ್ರ ಜಾಸ್ತಿ. ನಮ್ಮ ಪ್ರೋಬ್ ಅದಕ್ಕೂ ಅಂಟಿಕೊಂಡರೆ ಚಿತ್ರ ಕಲಸುಮೇಲೋಗರ. ಹಾಗಾಗಿ ಪ್ರೈಮರ್‌ಗಳನ್ನು ಸಾಧ್ಯವಾದಷ್ಟು ಜೀನಿನ ಕೊನೆಯ ಕಡೆ, ಪ್ರೋಟೀನ್ ಬರೆಯದ ಭಾಗ ಸೇರುವಂತೆ ಇಟ್ಟೆವು. ಅಲ್ಲಿ ಹೋಲಿಕೆ ಕಡಿಮೆ. ಎರಡನೇ ಕಾವಲು ಉಷ್ಣತೆ: ಹೈಬ್ರಿಡೈಸೇಶನ್, ಅಂದರೆ ಪ್ರೋಬನ್ನು ಭ್ರೂಣದ ಆರ್‌ಎನ್‌ಎಗೆ ಕೂರಿಸುವುದು, 70 ಡಿಗ್ರಿಯಲ್ಲಿ. ಅರೆಬರೆ ಹೊಂದಿಕೊಂಡ ಜೋಡಿ ಆ ಬಿಸಿಗೆ ನಿಲ್ಲುವುದಿಲ್ಲ, ಬಿಟ್ಟುಕೊಳ್ಳುತ್ತದೆ.

ಆದರೆ 70 ಎಂದರೆ 70 ಇರಬೇಕಲ್ವಾ?

ವಾಟರ್ ಬಾತ್ ರಿಪೇರಿ

ಇದೇ ಈ ಇಡೀ ಕೆಲಸದ ದೊಡ್ಡ ಭಾಗ. ನಮ್ಮ ಹಳೆಯ ವಾಟರ್ ಬಾತ್‌ಗೆ ತಿರುಗಿಸುವ ಥರ್ಮೋಸ್ಟ್ಯಾಟ್. ಗುಂಡಿಯನ್ನು 70ಕ್ಕೆ ಇಟ್ಟು ಗಾಜಿನ ಥರ್ಮಾಮೀಟರ್ ಅದ್ದಿದರೆ ಒಂದು ಮೂಲೆಯಲ್ಲಿ 66, ಕಾಯಿಲ್ ಮೇಲೆ 73. ಜೊತೆಗೆ ಹೀಟರ್ ಆನ್ ಆಗಿ ಆಫ್ ಆಗುವ ನಡುವೆ ನಾಲ್ಕೈದು ಡಿಗ್ರಿ ಏರಿಳಿತ. 37ರಲ್ಲಿ ಬ್ಯಾಕ್ಟೀರಿಯಾ ಬೆಳೆಸಲು ಇದು ನಡೆಯುತ್ತದೆ, ಇನ್ ಸಿಟುಗೆ ನಡೆಯುವುದಿಲ್ಲ.

ತೊಟ್ಟಿ ಚೆನ್ನಾಗಿತ್ತು, ಕಾಯಿಲ್ ಚೆನ್ನಾಗಿತ್ತು. ತಲೆ ಮಾತ್ರ ಬದಲಾಯಿಸಿದರಾಯಿತು. ಎಸ್‌ಪಿ ರೋಡಿನಲ್ಲಿ ಬಿಸಿಯನ್ನು ಅಳೆದು ಹೀಟರನ್ನು ಹದವಾಗಿ ನಡೆಸುವ ಒಂದು ಪಿಐಡಿ ಕಂಟ್ರೋಲರ್, ಬಿಸಿ ಅಳೆಯುವ ಪಿಟಿ100 ಸೆನ್ಸರ್, ಹೀಟರ್ ಆನ್-ಆಫ್ ಮಾಡುವ 25 ಆಂಪಿಯರ್ ಸಾಲಿಡ್ ಸ್ಟೇಟ್ ರಿಲೇ, ಅದಕ್ಕೊಂದು ಹೀಟ್ ಸಿಂಕ್ ತಂದೆವು. ಕಾಯಿಲ್ 1000 ವ್ಯಾಟ್. 230 ವೋಲ್ಟ್‌ಗೆ ಲೆಕ್ಕ ಹಾಕಿದರೆ ಸುಮಾರು 4.3 ಆಂಪಿಯರ್. 25ರ ರಿಲೇ ಅತಿಯಾಯಿತು ಅನ್ನಿಸಬಹುದು, ಆದರೆ ಅಗ್ಗದ ರಿಲೇಗಳ ಮೇಲೆ ಬರೆದ ಅಂಕಿಯನ್ನು ಪೂರ್ತಿ ನಂಬಬಾರದು. ಇಂಥ ರಿಲೇ ಒಂದು ಆಂಪಿಯರ್‌ಗೆ ಹೆಚ್ಚುಕಮ್ಮಿ ಒಂದು ವ್ಯಾಟ್ ಬಿಸಿಯಾಗುತ್ತದೆ. ಅಂಗೈ ಅಗಲದ ಹೀಟ್ ಸಿಂಕ್ ಸಾಕಾಯಿತು.

ಸೆನ್ಸರ್ ಸರಿಯಿದೆಯಾ ಎಂದು ಮೊದಲು ಮಲ್ಟಿಮೀಟರ್‌ನಲ್ಲಿ ನೋಡಬೇಕು. ಪಿಟಿ100 ಹೆಸರಿನಲ್ಲೇ ಇದೆ: ಸೊನ್ನೆ ಡಿಗ್ರಿಯಲ್ಲಿ 100 ಓಮ್. ಐಸ್ ಪುಡಿ ಮಾಡಿ ಸ್ವಲ್ಪ ನೀರು ಬೆರೆಸಿ ಅದರಲ್ಲಿ ಅದ್ದಿದಾಗ ನೂರರ ಹತ್ತಿರ ಬಂತು. ಆಮೇಲೆ ಕುದಿಯುವ ನೀರು. ಇಲ್ಲಿ ಹುಷಾರು: ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗೂ ಮೇಲಿದೆ, ಇಲ್ಲಿ ನೀರು ಕುದಿಯುವುದು ಸುಮಾರು 97 ಡಿಗ್ರಿಗೆ. 100 ಡಿಗ್ರಿಗೆ ಬರಬೇಕಾದ 138.5 ಓಮ್ ಇಲ್ಲಿ ಸಿಗುವುದಿಲ್ಲ, 137.4ರ ಹತ್ತಿರ ಸಿಕ್ಕರೆ ಸೆನ್ಸರ್ ಸರಿ. ಇದು ಗೊತ್ತಿಲ್ಲದೆ ಕಂಟ್ರೋಲರ್‌ನಲ್ಲಿ 3 ಡಿಗ್ರಿ ಆಫ್‌ಸೆಟ್ ಕೂರಿಸಿಬಿಟ್ಟರೆ ಎಲ್ಲಾ ಓದೂ ತಪ್ಪು.

ಸಾಲಿಡ್ ಸ್ಟೇಟ್ ರಿಲೇಯ ಒಂದು ಕೆಟ್ಟ ಬುದ್ಧಿ ಹೇಳಲೇಬೇಕು. ಸತ್ತಾಗ ಅದು ಸಾಮಾನ್ಯವಾಗಿ ಆನ್ ಸ್ಥಿತಿಯಲ್ಲೇ ಸಾಯುತ್ತದೆ. ರಾತ್ರಿಯಿಡೀ ನಡೆಯುವ ಬಾತ್‌ನಲ್ಲಿ ಹಾಗಾದರೆ ನೀರು ಬತ್ತಿ ಕಾಯಿಲ್ ಕೆಂಪಾಗುತ್ತದೆ. ಅದಕ್ಕೆ ಹಳೆಯ ಥರ್ಮೋಸ್ಟ್ಯಾಟನ್ನು ಬಿಸಾಡದೆ, 80ರ ಸುಮಾರಿಗೆ ಇಟ್ಟು ಹೀಟರ್ ಲೈನಿನಲ್ಲಿ ಸಾಲಾಗಿ ಸೇರಿಸಿದೆವು. ಹೊಸದು ಕೈಕೊಟ್ಟರೆ ಹಳೆಯದು ಹಿಡಿಯುತ್ತದೆ. ತೊಟ್ಟಿ ಸ್ಟೀಲಿನದು, ಒಳಗೆ ನೀರು, ಪಕ್ಕದಲ್ಲಿ 230 ವೋಲ್ಟ್. ಅರ್ತ್ ತಂತಿಯನ್ನು ತೊಟ್ಟಿಗೆ ನಟ್ ಹಾಕಿ ಬಿಗಿದು, ಇನ್‌ಸ್ಟಿಟ್ಯೂಟಿನ ಎಲೆಕ್ಟ್ರಿಷಿಯನ್ ಬಂದು ನೋಡಿ ಸರಿ ಎಂದ ಮೇಲೆಯೇ ಪ್ಲಗ್ ಹಾಕಿದ್ದು. "ಎಂಸಿಬಿ ಒಂದೇ ಸಾಲಲ್ಲ ಮೇಡಂ, ಆರ್‌ಸಿಸಿಬಿ ಇರೋ ಪಾಯಿಂಟ್‌ಗೇ ಹಾಕಿ" ಎಂದು ಹೇಳಿ ಹೋದರು. ಆರ್‌ಸಿಸಿಬಿ ಎಂದರೆ ಕರೆಂಟ್ ಸೋರಿದರೆ ಕೂಡಲೇ ಕಡಿಯುವ ಸ್ವಿಚ್. ಅದೂ ಆಯಿತು.

ಮೂಲೆಮೂಲೆಗೆ ಬೇರೆ ಬೇರೆ ಬಿಸಿ ಎಂಬುದು ಕಂಟ್ರೋಲರ್‌ನಿಂದ ಹೋಗುವ ರೋಗವಲ್ಲ. ನೀರು ಓಡಾಡಬೇಕು. ಮೀನಿನ ಟ್ಯಾಂಕಿನ ಪಂಪ್ ಇಷ್ಟು ಬಿಸಿಗೆ ಬಾಳುವುದಿಲ್ಲ. ಮೇಲಿನಿಂದ ಇಳಿಬಿಟ್ಟ ಸ್ಟೀಲ್ ಕಡ್ಡಿ, ತುದಿಗೆ ಸಣ್ಣ ರೆಕ್ಕೆ, ಮೇಲೆ 12 ವೋಲ್ಟಿನ ಗೇರ್ ಮೋಟರ್. ನಿಧಾನಕ್ಕೆ ತಿರುಗಿದರೆ ಸಾಕು. ಮೇಲೆ ಥರ್ಮೋಕೋಲ್ ಮುಚ್ಚಳ ಹಾಕಿದ ಮೇಲೆ ಆವಿಯಾಗುವುದೂ ನಿಂತಿತು. ಕಂಟ್ರೋಲರ್ ತನ್ನನ್ನು ತಾನೇ ಹೊಂದಿಸಿಕೊಳ್ಳುವ ಆಟೋಟ್ಯೂನ್ ಓಡಿಸಿ ನೋಡಿದರೆ ನಾಲ್ಕೂ ಮೂಲೆಯಲ್ಲಿ ಅರ್ಧ ಡಿಗ್ರಿಯೊಳಗೆ ನಿಂತಿದೆ. ಓದನ್ನು ತೊಟ್ಟಿಯ ನೀರಿನಲ್ಲಷ್ಟೇ ತೆಗೆದುಕೊಳ್ಳಬೇಡಿ. ಬಫರ್ (ಭ್ರೂಣ ನೆನೆಸಿಡುವ ದ್ರಾವಣ) ತುಂಬಿದ ಟ್ಯೂಬಿನೊಳಗೂ ಒಮ್ಮೆ ನೋಡಿ. ಭ್ರೂಣ ಇರುವುದು ಅಲ್ಲಿ.

ಬುಟ್ಟಿಗಳು

ಇನ್ ಸಿಟುನಲ್ಲಿ ತೊಳೆಯುವುದೇ ಮುಕ್ಕಾಲು ಪಾಲು. ಪಿಪೆಟ್‌ನಲ್ಲಿ ಹೀರಿ ಹೀರಿ ತೊಳೆದರೆ ಪ್ರತಿ ಸಲವೂ ಒಂದೆರಡು ಭ್ರೂಣ ಹೋಗುತ್ತವೆ, ಉಳಿದವುಗಳ ಬಾಲ ಮುರಿಯುತ್ತದೆ. ನಮಗೆ ಬೇಕಾದ ಪ್ರೈಮೋರ್ಡಿಯಂ ಬಾಲದ ದಾರಿಯಲ್ಲೇ ಇರುವುದರಿಂದ ಅದು ಮುರಿದರೆ ಕೆಲಸವೇ ಇಲ್ಲ. ಬುಟ್ಟಿ ಮಾಡಿಕೊಳ್ಳುವುದು ಸುಲಭ. 1.5 ಮಿಲಿಲೀಟರ್ ಟ್ಯೂಬಿನ ತಳ ಕತ್ತರಿಸಿ. ಹಾಟ್ ಪ್ಲೇಟ್ ಮೇಲೆ ಅಲ್ಯೂಮಿನಿಯಂ ಫಾಯಿಲ್, ಅದರ ಮೇಲೆ ನೈಲಾನ್ ಬಲೆ, ಅದರ ಮೇಲೆ ಟ್ಯೂಬಿನ ಕತ್ತರಿಸಿದ ಬಾಯಿ ಒತ್ತಿ ಹಿಡಿಯಿರಿ. ಟ್ಯೂಬಿನ ಪಾಲಿಪ್ರೊಪಿಲಿನ್ 160 ಡಿಗ್ರಿ ಸುಮಾರಿಗೆ ಕರಗುತ್ತದೆ. ನೈಲಾನ್‌ಗೆ 200ರ ಮೇಲೆ ಬೇಕು. ಅವೆರಡರ ನಡುವೆ ಬಿಸಿ ಇಟ್ಟರೆ ಟ್ಯೂಬ್ ಕರಗಿ ಬಲೆಯೊಳಗೆ ಇಳಿದು ಹಿಡಿದುಕೊಳ್ಳುತ್ತದೆ, ಬಲೆ ಹಾಗೇ ಉಳಿಯುತ್ತದೆ. ಅಂಟು ಬೇಡ. ಅಂಟು ಹಾಕಿದರೆ ಫಾರ್ಮಮೈಡ್‌ನಲ್ಲಿ ಕರಗಿ ಬರುವ ಭಯ ಬೇರೆ. ಮೊಟ್ಟೆಯೇ 0.7 ಮಿಲಿಮೀಟರ್, ಬಲೆಯ ಕಣ್ಣು 0.2 ಇದ್ದರೂ ಏನೂ ಜಾರುವುದಿಲ್ಲ.

ಮೊಟ್ಟೆ, ವಯಸ್ಸು

ಗಂಡುಹೆಣ್ಣನ್ನು ಹಿಂದಿನ ಸಂಜೆಯೇ ಒಂದು ತೊಟ್ಟಿಯಲ್ಲಿ ನಡುವೆ ಪರದೆ ಹಾಕಿ ಬಿಡಬೇಕು. ಬೆಳಿಗ್ಗೆ ಲೈಟ್ ಹತ್ತಿದ ಮೇಲೆ ಪರದೆ ತೆಗೆದರೆ ಮೊಟ್ಟೆ. ಮೀನಿನ ರೂಮ್ ನೋಡಿಕೊಳ್ಳುವ ಅಣ್ಣನಿಗೆ ಮೀನುಗಳ ಗುಣ ನಮಗಿಂತ ಚೆನ್ನಾಗಿ ಗೊತ್ತು. "ಈ ಟ್ಯಾಂಕಿನವು ಹೋದ ವಾರಾನೇ ಹಾಕಿದಾವೆ ಮೇಡಂ, ಇವಕ್ಕೆ ಬಿಡುವು ಕೊಡಿ, ಆ ಕಡೇವು ತಗೊಳಿ" ಎಂದರು. ಅವರು ಹೇಳಿದ ಟ್ಯಾಂಕಿನಿಂದ ಟೀ ಸೋಸುವ ಜಾಲರಿ ತುಂಬ ಮೊಟ್ಟೆ ಬಂತು.

ಈ ಮೀನು ನಮ್ಮ ದೇಶದ್ದೇ. 1822ರಲ್ಲಿ ಗಂಗೆಯ ಮೀನುಗಳ ಬಗ್ಗೆ ಬರೆಯುತ್ತಾ ಇದಕ್ಕೆ ಹೆಸರಿಟ್ಟವನು ಫ್ರಾನ್ಸಿಸ್ ಹ್ಯಾಮಿಲ್ಟನ್. ಕನ್ನಡದ ಓದುಗರಿಗೆ ಅವನು ಬೇರೆ ಹೆಸರಿನಲ್ಲಿ ಗೊತ್ತು: ಟಿಪ್ಪು ಸತ್ತ ಮೇಲೆ, 1800ರಲ್ಲಿ, ಮೈಸೂರು ಸೀಮೆಯನ್ನೆಲ್ಲ ಸುತ್ತಿ ಬೆಳೆ, ಕಸುಬು, ಜಾತಿ ಎಲ್ಲವನ್ನೂ ಬರೆದಿಟ್ಟ ಬುಕಾನನ್. ಹ್ಯಾಮಿಲ್ಟನ್ ಎಂದು ಹೆಸರು ಬದಲಾಯಿಸಿಕೊಂಡದ್ದು ಆಮೇಲೆ. ಲ್ಯಾಬಿನ ಪ್ರಾಣಿಯಾಗಿ ಇದನ್ನು ನಿಲ್ಲಿಸಿದ್ದು ಅಮೆರಿಕದ ಆರೆಗನ್‌ನಲ್ಲಿ ಜಾರ್ಜ್ ಸ್ಟ್ರೈಸಿಂಗರ್. ಗಂಗೆಯ ಬಯಲಿನ ಮೀನು ಅಲ್ಲಿಗೆ ಹೋಗಿ, ತಳಿಯ ಹೆಸರು ಹೊತ್ತು ಬೆಂಗಳೂರಿಗೆ ವಾಪಸ್ ಬಂದಿದೆ.

ವಯಸ್ಸನ್ನು ಗಡಿಯಾರ ನೋಡಿ ಹೇಳಿದರೆ ಸಾಲದು. ಪುಸ್ತಕದ ಗಂಟೆಗಳೆಲ್ಲ 28.5 ಡಿಗ್ರಿಯಲ್ಲಿ ಬೆಳೆಸಿದ ಭ್ರೂಣದ್ದು. ಬೇರೆ ಉಷ್ಣತೆಗೆ ಕಿಮ್ಮೆಲ್ ಮತ್ತು ಜೊತೆಗಾರರು 1995ರಲ್ಲಿ ಕೊಟ್ಟ ಲೆಕ್ಕ ಇದೆ: ಉಷ್ಣತೆಯನ್ನು 0.055ರಿಂದ ಗುಣಿಸಿ, 0.57 ಕಳೆದು, ಬಂದದ್ದರಿಂದ ಗಂಟೆಯನ್ನು ಭಾಗಿಸಿ. 25 ಡಿಗ್ರಿಗೆ ಬರುವುದು 0.805. ಅಂದರೆ 18 ಗಂಟೆಯ ಭ್ರೂಣ ಬೇಕಾದರೆ 25ರಲ್ಲಿ ಸುಮಾರು 22 ಗಂಟೆ ಕಾಯಬೇಕು. ಇದು ತೊಂದರೆಯಲ್ಲ, ಅನುಕೂಲ. ಬೆಳಿಗ್ಗೆ ಒಂಬತ್ತೂವರೆಗೆ ಸಿಕ್ಕ ಮೊಟ್ಟೆ 28.5ರಲ್ಲಿ 18 ಗಂಟೆ ಮುಟ್ಟುವುದು ನಡುರಾತ್ರಿ ಮೂರೂವರೆಗೆ. 25ರಲ್ಲಿ ಇಟ್ಟರೆ ಮರುದಿನ ಬೆಳಿಗ್ಗೆ ಎಂಟಕ್ಕೆ. ವಿಧಾನ ಸರಿಯಾಗಿ ನಡೆಯಿತೇ ಎಂದು ತಿಳಿಯುವ ಕಂಟ್ರೋಲ್‌ಗೆ ಬೇಕಾದ ಭ್ರೂಣಗಳನ್ನು ಹೀಗೆ ಬೆಳೆಸಿದೆವು. 4ಬಿ, 7ಬಿಗೆ ಬೇಕಾದದ್ದು 30ರಿಂದ 32 ಗಂಟೆಯವು, ಅವು 28.5ರಲ್ಲೇ ಮರುದಿನ ಸಂಜೆಯ ಹೊತ್ತಿಗೆ ಸಿಗುತ್ತವೆ.

ಇನ್ನೊಂದು ಪರೀಕ್ಷೆ ನನಗೆ ಬಹಳ ಇಷ್ಟ. 24 ಗಂಟೆಯ ಹಂತದ ಹೆಸರು ಪ್ರಿಮ್-5, 30ರದ್ದು ಪ್ರಿಮ್-15, 36ರದ್ದು ಪ್ರಿಮ್-25. ಈ ಪ್ರಿಮ್ ಎಂದರೆ ನಾವು ಹುಡುಕುತ್ತಿರುವ ಅದೇ ಪ್ರೈಮೋರ್ಡಿಯಂ. ಅದರ ಮುಂದಿನ ತುದಿ ಎಷ್ಟನೇ ಸೋಮೈಟ್ (ಮೈಯುದ್ದಕ್ಕೂ ಸಾಲಾಗಿರುವ ಸ್ನಾಯುವಿನ ತುಂಡು) ಮುಟ್ಟಿದೆ ಎಂಬುದೇ ಹಂತದ ಸಂಖ್ಯೆ. ಹಾಗಾಗಿ ಬಣ್ಣ ಬಂದ ಮೇಲೆ ಸೋಮೈಟ್ ಎಣಿಸಿದರೆ ಭ್ರೂಣದ ನಿಜವಾದ ವಯಸ್ಸೂ ಗೊತ್ತಾಗಿಬಿಡುತ್ತದೆ.

24 ಗಂಟೆಗೆ ಮುಂಚೆಯೇ ನೀರಿಗೆ 0.003 ಶೇಕಡಾ ಪಿಟಿಯು ಎಂಬ ರಾಸಾಯನಿಕ ಹಾಕಿದೆವು, ಇಲ್ಲದಿದ್ದರೆ ಮೈಮೇಲೆ ಕಪ್ಪು ಚುಕ್ಕೆ ಶುರುವಾಗಿ ನೀಲಿ ಕಾಣದು. ಮೊಟ್ಟೆಯ ಪೊರೆಯನ್ನು ಸೂಕ್ಷ್ಮ ಚಿಮಟದಿಂದ ಬಿಡಿಸಿ, ಕೋಶಗಳು ಇದ್ದ ಹಾಗೇ ಉಳಿಯಲು (ಇದೇ ಫಿಕ್ಸ್) 4 ಶೇಕಡಾ ಪ್ಯಾರಾಫಾರ್ಮಾಲ್ಡಿಹೈಡ್‌ನಲ್ಲಿ ರಾತ್ರಿಯಿಡೀ ಫ್ರಿಜ್‌ನಲ್ಲಿ. ಆಮೇಲೆ ಮೆಥನಾಲ್‌ನಲ್ಲಿ ಮೈನಸ್ 20ಕ್ಕೆ. ಅಲ್ಲಿ ತಿಂಗಳುಗಟ್ಟಲೆ ಕೆಡುವುದಿಲ್ಲ.

ಮೂರು ದಿನದ ಅಡುಗೆ

ವಿಧಾನ ಜೀಬ್ರಾ ಮೀನಿನ ವಿಜ್ಞಾನಿಗಳಾದ ತೀಸ್ ದಂಪತಿ ಪ್ರಕಟಿಸಿದ್ದೇ. ಸ್ವಲ್ಪವೇ ಬದಲಾವಣೆ. ಮೊದಲ ದಿನ ಮೆಥನಾಲ್‌ನಿಂದ ಹಂತಹಂತವಾಗಿ ನೀರಿಗೆ ತಂದು, ಪ್ರೋಬ್ ಒಳಹೋಗಲು ದಾರಿ ಮಾಡುವ ಕಿಣ್ವ ಪ್ರೋಟಿನೇಸ್ ಕೆ. ಒಂದು ಮಿಲಿಲೀಟರ್‌ಗೆ 10 ಮೈಕ್ರೋಗ್ರಾಂ. 24 ಗಂಟೆಯ ಭ್ರೂಣಕ್ಕೆ 10 ನಿಮಿಷ ಸಾಮಾನ್ಯ ಅಳತೆ, 30 ದಾಟಿದ್ದಕ್ಕೆ ಜಾಸ್ತಿ ಬೇಕು, 18ರದ್ದಕ್ಕೆ ಕಡಿಮೆ. ಪ್ರೈಮೋರ್ಡಿಯಂ ಚರ್ಮದ ಕೆಳಗೇ ಇರುವುದರಿಂದ ಇಲ್ಲಿ ಕೈ ಬಿಗಿ ಹಿಡಿಯಬೇಕು. ಮೆದುಳಿನ ಆಳದ ಜೀನ್‌ಗೆ ಬೇಕಾದಷ್ಟು ಹೊತ್ತು ಇಟ್ಟರೆ ಚರ್ಮದ ಜೊತೆ ಇದೂ ಕಿತ್ತುಬರುತ್ತದೆ. ನಾವು ಹೊಸ ಬಾಟಲಿಯ ಕಿಣ್ವದಲ್ಲಿ ಮೊದಲು ಬೇಡವಾದ ಭ್ರೂಣಗಳ ಮೇಲೆ ಸಮಯ ಹಿಡಿದು ನೋಡಿಯೇ ಮುಂದುವರಿದೆವು. ಪ್ರತಿ ಲಾಟಿನ ಚುರುಕು ಬೇರೆ ಬೇರೆ. ಕೂಡಲೇ ಮತ್ತೆ 20 ನಿಮಿಷ ಫಿಕ್ಸ್.

ಹೈಬ್ರಿಡೈಸೇಶನ್ ಬಫರ್‌ನಲ್ಲಿ ಅರ್ಧ ಫಾರ್ಮಮೈಡ್. ಅದು ಗರ್ಭಕ್ಕೆ ಹಾನಿ ಮಾಡುವ ವಸ್ತು. ಹುಡ್, ಗ್ಲೌಸ್, ಬೇರೆ ವೇಸ್ಟ್ ಬಾಟಲಿ ಮೂರೂ ಇರಲಿ. ಕೆಲವು ಗಂಟೆ ಪ್ರೋಬ್ ಇಲ್ಲದೆ, ಆಮೇಲೆ ಪ್ರೋಬ್ ಹಾಕಿ ರಾತ್ರಿಯಿಡೀ 70ರಲ್ಲಿ. ಕರೆಂಟ್ ಹೋಗಿ ಬಂದರೂ ಗೊತ್ತಾಗಲಿ ಎಂದು ಕಂಟ್ರೋಲರ್ ಪಕ್ಕ ಒಂದು ಲಾಗರ್ ಇಟ್ಟಿದ್ದೆವು. ಬೆಳಿಗ್ಗೆ ನೋಡಿದರೆ ಗೆರೆ ಹಿಡಿದಂತೆ 70.

ಎರಡನೇ ದಿನ ಬಿಸಿ ಬಿಸಿಯಾಗಿ ಎಸ್‌ಎಸ್‌ಸಿ ಎಂಬ ಉಪ್ಪಿನ ದ್ರಾವಣದಲ್ಲಿ ತೊಳೆತ. ಅದರ ಗಾಢತೆಯನ್ನು 2 ಪಟ್ಟಿನಿಂದ 0.2 ಪಟ್ಟಿಗೆ ಇಳಿಸುತ್ತಾ. ಉಪ್ಪು ಕಡಿಮೆಯಾದಷ್ಟೂ ಅರೆಬರೆ ಅಂಟಿದ್ದು ಬಿಡುತ್ತದೆ. ತೊಳೆಯುವ ಬಫರ್ ಕೂಡ ಮೊದಲೇ 70ಕ್ಕೆ ಬಂದಿರಬೇಕು. ಆಮೇಲೆ ಕುರಿ ಸೀರಂನಲ್ಲಿ ಬ್ಲಾಕ್ (ಆಂಟಿಬಾಡಿ ಬೇಡದ ಕಡೆ ಅಂಟದಂತೆ), 5000ಕ್ಕೆ 1ರಂತೆ ಆಂಟಿಬಾಡಿ, ಫ್ರಿಜ್. ಮೂರನೇ ದಿನ ತೊಳೆದು ತೊಳೆದು, 9.5 ಪಿಎಚ್ ಬಫರ್, ಬಣ್ಣಕ್ಕೆ ಎನ್‌ಬಿಟಿ, ಬಿಸಿಐಪಿ ಎಂಬ ರಾಸಾಯನಿಕಗಳು, ಕತ್ತಲು.

ಜೊತೆಗೆ ಎರಡು ಬುಟ್ಟಿ ಹೆಚ್ಚಿಗೆ. ಒಂದರಲ್ಲಿ 4ಬಿಯ ಸೆನ್ಸ್ ಪ್ರೋಬ್, ಅಂದರೆ ಜೀನಿನ ಆರ್‌ಎನ್‌ಎಯಂತೆಯೇ ಇರುವ ತುಂಡು, ಅದು ಎಲ್ಲೂ ಅಂಟಬಾರದು. ಇನ್ನೊಂದರಲ್ಲಿ 18 ಗಂಟೆಯ ಭ್ರೂಣಕ್ಕೆ ಕ್ರಾಕ್ಸ್20, ಈಗಿನ ಹೆಸರು ಇಜಿಆರ್2ಬಿ. ಇದು ಹಿಂಮೆದುಳಿನ ಮೂರು ಮತ್ತು ಐದನೇ ಖಂಡದಲ್ಲಿ ಎರಡು ಪಟ್ಟೆಯಾಗಿ ಬರುತ್ತದೆ. ಆ ಎರಡು ಪಟ್ಟೆ ಸ್ಪಷ್ಟವಾಗಿ ಬಂದರೆ ಮೂರು ದಿನದ ಕೆಲಸದಲ್ಲಿ ಏನೂ ಕೆಟ್ಟಿಲ್ಲ ಎಂದು ನಂಬಬಹುದು.

ಬಣ್ಣ

ಮೊದಲು ಬಂದದ್ದು ಕ್ರಾಕ್ಸ್20. ಎರಡು ಪಟ್ಟೆ, ನಡುವೆ ಖಾಲಿ. 4ಬಿ ಅದರ ಹಿಂದೆಯೇ ಬಂತು. ಮೊದಲು ತಲೆಯಲ್ಲಿ ತೆಳ್ಳಗೆ ನೀಲಿ ಆಡಿತು. ಆಮೇಲೆ ಮೈಯ ಪಕ್ಕದಲ್ಲಿ ಉದ್ದನೆಯ ಒಂದು ಕಲೆ ಗಟ್ಟಿಯಾಯಿತು. 7ಬಿಗೆ ಮಧ್ಯಾಹ್ನದವರೆಗೆ ಕಾಯಬೇಕಾಯಿತು. ಇಲ್ಲಿ ಆಸೆ ಬೀಳಬಾರದು. ಇನ್ನೂ ಸ್ವಲ್ಪ ಕಪ್ಪಾಗಲಿ ಎಂದು ಬಿಟ್ಟರೆ ಮೊಟ್ಟೆಯ ಹಳದಿಯಾದ ಯೋಕ್ ಕೂಡ ಕೆಂಪು ಹಿಡಿದು ಎಲ್ಲವೂ ಮಬ್ಬಾಗುತ್ತದೆ. ನನ್ನ ನಿಯಮ: ಸೆನ್ಸ್ ಬುಟ್ಟಿಯಲ್ಲಿ ಮೊದಲ ಛಾಯೆ ಕಾಣುವ ಮುಂಚೆ ಎಲ್ಲವನ್ನೂ ನಿಲ್ಲಿಸು. ಇಡಿಟಿಎ ಇರುವ 5.5 ಪಿಎಚ್ ದ್ರಾವಣದಲ್ಲಿ ತೊಳೆದರೆ ಬಣ್ಣ ಅಲ್ಲಿಗೇ ನಿಲ್ಲುತ್ತದೆ. ಆಮೇಲೆ ಮೆಥನಾಲ್‌ನಲ್ಲಿ ಸ್ವಲ್ಪ ಹೊತ್ತು ಆಡಿಸಿದರೆ ನಸುಗೆಂಪು ಬಿಟ್ಟು ನೀಲಿ ಉಳಿಯುತ್ತದೆ.

ಗ್ಲಿಸರಾಲ್‌ನಲ್ಲಿ ಇಳಿಸಿ, ಯೋಕ್ ಬಿಡಿಸಿ, ಕಡ್ಡಿಯ ತುದಿಗೆ ಅಂಟಿಸಿದ ರೆಪ್ಪೆಗೂದಲಿನಿಂದ ಪಕ್ಕಕ್ಕೆ ಮಲಗಿಸಿ ನೋಡಿದೆವು. 4ಬಿ: ಗುಂಪಿನ ಮುಂದಿನ ಬಹುಭಾಗ ಗಾಢ ನೀಲಿ, ಬಾಲದ ಕಡೆಯ ತುದಿ ಚೂಪಾಗಿ ತುಂಬಿದೆ. ಹಿಂದಕ್ಕೆ ಬರುತ್ತಾ ತೆಳುವಾಗಿದೆ. 7ಬಿ: ಮುಂದಿನ ತುದಿ ಖಾಲಿ, ಹಿಂಭಾಗ ಮಾತ್ರ ನೀಲಿ. ತಲೆಯ ಕಡೆಯಿಂದ ಗುಂಪಿನ ಮುಂದಿನ ತುದಿವರೆಗೆ ಸೋಮೈಟ್ ಎಣಿಸಿದರೆ ಹದಿನಾರರ ಆಚೀಚೆ, ಅಂದರೆ 30 ಗಂಟೆ ದಾಟಿ ಸ್ವಲ್ಪವೇ ಆಗಿದೆ. ಸೆನ್ಸ್ ಬುಟ್ಟಿ ಶುಭ್ರ.

ಇದು ಯಾಕೆ ಮುಖ್ಯ ಎಂದರೆ, ದಾರಿಯುದ್ದಕ್ಕೂ ಇರುವ ಸಿಎಕ್ಸ್‌ಸಿಎಲ್12ಎ ದಿಕ್ಕು ಹೇಳುವುದಿಲ್ಲ. ಹಾಸ್ ಮತ್ತು ಗಿಲ್ಮೋರ್ ಎಂಬ ವಿಜ್ಞಾನಿಗಳು 2006ರಲ್ಲಿ ತೋರಿಸಿದ್ದು: ದಾರಿ ಅರ್ಧಕ್ಕೆ ತುಂಡಾದ ಭ್ರೂಣಗಳಲ್ಲಿ ಪ್ರೈಮೋರ್ಡಿಯಂ ಯೂ-ಟರ್ನ್ ಹೊಡೆದು ಅದೇ ದಾರಿಯಲ್ಲಿ ತಲೆಯ ಕಡೆಗೆ ವಾಪಸ್ ನಡೆಯುತ್ತದೆ. ಹಾಗಾದರೆ ಮುಂದೆ ಯಾವುದು, ಹಿಂದೆ ಯಾವುದು ಎಂಬುದು ಗುಂಪಿನೊಳಗೇ ಇರಬೇಕು. ಹಿಂದಿರುವ 7ಬಿ ಆ ಪ್ರೋಟೀನನ್ನು ಹಿಡಿದು ಕೋಶದೊಳಗೆ ನುಂಗಿಹಾಕುತ್ತದೆ. ದನಗಳ ಹಿಂಡು ಮೇಯ್ದ ಕಡೆ ಹುಲ್ಲು ಬೋಳಾಗಿ, ಮುಂದೆ ಮಾತ್ರ ಹಸಿರು ಉಳಿದಂತೆ. ಮುಂದಿರುವ 4ಬಿ ಹಸಿರಿರುವ ಕಡೆ ಎಳೆಯುತ್ತದೆ. ಗುಂಪು ತನ್ನ ಏರಿಳಿತವನ್ನು ತಾನೇ ಮಾಡಿಕೊಂಡು ಸಾಗುತ್ತದೆ ಎಂದು 2013ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ಸಾಬೀತು ಮಾಡಿದವು. 7ಬಿ ಮುಂದಿನ ತುದಿಗೆ ಬರದಂತೆ ತಡೆಯುವುದು ಅಲ್ಲಿ ಕೋಶಗಳ ನಡುವೆ ನಡೆಯುವ ವಿಂಟ್ ಎಂಬ ಸಂಕೇತ.

ನಮ್ಮ ಸ್ಲೈಡ್ ಇದನ್ನೆಲ್ಲ ಸಾಬೀತು ಮಾಡುವುದಿಲ್ಲ. ನೀಲಿ ಹೇಳುವುದು ಆರ್‌ಎನ್‌ಎ ಎಲ್ಲಿದೆ ಎಂದಷ್ಟೇ. ರಿಸೆಪ್ಟರ್ ಪೊರೆಯ ಮೇಲಿದೆಯೋ ಒಳಗೆ ಹೋಗಿದೆಯೋ, ಕೆಲಸ ಮಾಡುತ್ತಿದೆಯೋ ಇಲ್ಲವೋ ಇದರಲ್ಲಿ ಕಾಣದು. 7ಬಿ ತೆಳುವಾಗಿ ಬಂತು ಎಂದು ಅದರ ಪ್ರಮಾಣ ಕಡಿಮೆ ಎನ್ನುವುದೂ ತಪ್ಪು. ಎರಡು ಪ್ರೋಬ್‌ಗಳ ಉದ್ದ ಬೇರೆ, ಹಿಡಿದ ಗುರುತು ಬೇರೆ, ಬಣ್ಣಕ್ಕೆ ಬಿಟ್ಟ ಹೊತ್ತು ಬೇರೆ. ಜಾಗವನ್ನು ಹೋಲಿಸಬಹುದು, ಕಪ್ಪನ್ನು ಹೋಲಿಸಬಾರದು. ಜಾಗದ ಬಗ್ಗೆಯೂ ಒಂದು ಅನುಮಾನ ಉಳಿಯುತ್ತದೆ: ನಡುವೆ ಎರಡೂ ಇರುವ ಕೋಶಗಳು ಎಷ್ಟು? ಬೇರೆ ಬೇರೆ ಭ್ರೂಣಗಳನ್ನು ಪಕ್ಕಪಕ್ಕ ಇಟ್ಟು ಇದಕ್ಕೆ ಉತ್ತರ ಸಿಗುವುದಿಲ್ಲ. ಅದಕ್ಕೆ 7ಬಿಯನ್ನು ಫ್ಲೋರೆಸಿನ್ ಗುರುತಿನಲ್ಲಿ ಮತ್ತೆ ಮಾಡಿ, ಒಂದೇ ಭ್ರೂಣದಲ್ಲಿ ಎರಡು ಹೊಳೆಯುವ ಬಣ್ಣದಲ್ಲಿ ನೋಡಬೇಕು. ಅಚ್ಚು ಇದ್ದೇ ಇದೆ, ಫ್ಲೋರೆಸಿನ್ ಹಾಕಿದ ಯುಟಿಪಿ ಮಾತ್ರ ತರಿಸಬೇಕು. ಬಳಸಿದ 4ಬಿ ಪ್ರೋಬನ್ನು ಬಫರ್ ಸಮೇತ ಮೈನಸ್ 20ರಲ್ಲಿ ಇಟ್ಟಿದ್ದೇವೆ, ಇನ್ನೂ ಕೆಲವು ಸಲಕ್ಕೆ ಬರುತ್ತದೆ.